ಶೆಲ್ಟರ್‌ನಿಂದ ತಂದ ನಾಚಿಕೆ ಸ್ವಭಾವದ ಬೆಕ್ಕು ಐದು ದಿನದಿಂದ ಮಂಚದ ಕೆಳಗೇ ಇದೆ. ಹೊರಗೆ ತರುವುದು ಹೇಗೆ?

ತರಬೇಡಿ. ಇರುವ ಜಾಗದಲ್ಲೇ ಇರಲಿ ಬಿಡಿ. ಮಂಚದ ಕೆಳಗೆ ಏನಾದರೂ ತುಂಬಿ ಜಾಗ ಮುಚ್ಚಿದರೆ ಹೊರಗೆ ಇರೋದು ಅಭ್ಯಾಸ ಆಗುತ್ತಾ ಅಂತಲೂ ಕೇಳಿದ್ದೀರಿ. ಆ ಸಾಲು ಓದಿ ನನ್ನ ಎದೆ ಝಲ್ಲೆಂದಿತು. ನಾನು ಮಾಡಿದ್ದು ಅದನ್ನೇ.

ನಮ್ಮ ಮನೆ ಬೆಂಗಳೂರಿನ ಬಸವನಗುಡಿ ಕಡೆ, ಎರಡನೇ ಮಹಡಿ. ನಾನು, ಅಮ್ಮ ಇಬ್ಬರೇ. ಮೂರು ವರ್ಷದ ಹಿಂದೆ ದಸರಾ ರಜೆಯಲ್ಲಿ ಚುಕ್ಕಿಯನ್ನು ತಂದೆವು. ಬಿಳಿ, ಕಪ್ಪು, ಕೇಸರಿ, ಮೂರು ಬಣ್ಣದವಳು. ಸುಮಾರು ಎರಡು ವರ್ಷ ವಯಸ್ಸು, ನಾಲ್ಕು ಕೆಜಿಗಿಂತ ಸ್ವಲ್ಪ ಜಾಸ್ತಿ ತೂಕ. ಎಡಕಿವಿಯ ತುದಿ ಕತ್ತರಿಸಿತ್ತು. ಬೀದಿ ಬೆಕ್ಕಿಗೆ ಆಪರೇಷನ್ ಆಗಿದೆ ಅನ್ನೋದಕ್ಕೆ ಆ ಗುರುತು. ಬುಟ್ಟಿಯ ಬಾಗಿಲು ತೆಗೆದಿದ್ದೇ ತಡ, ಗೋಡೆ ಸವರಿಕೊಂಡು ಓಡಿ ಅಮ್ಮನ ಮಂಚದ ಕೆಳಗೆ ಸೇರಿಕೊಂಡಳು. ಹಗಲೆಲ್ಲ ಅಲ್ಲೇ. ರಾತ್ರಿ ದೀಪ ಆರಿಸಿದ ಮೇಲೆ ಬಂದು ತಿಂದು, ಕಕ್ಕಸಿಗೆ ಅಂತ ಇಟ್ಟ ಟ್ರೇಗೆ ಹೋಗಿ, ಮತ್ತೆ ಒಳಗೆ. ಬೆಳಗ್ಗೆ ಎದ್ದರೆ ತಟ್ಟೆ ಖಾಲಿ.

ಅಂದರೆ ಎಲ್ಲ ಸರಿಯಾಗೇ ನಡೆಯುತ್ತಿತ್ತು. ನನಗೆ ಅದು ಕಾಣಲಿಲ್ಲ. ಬೆಕ್ಕು ತಂದಿದ್ದೇವೆ, ಆದರೆ ಮನೆಯಲ್ಲಿ ಬೆಕ್ಕೇ ಇಲ್ಲ ಅನ್ನೋದಷ್ಟೇ ಕಾಣುತ್ತಿತ್ತು. ನಾಲ್ಕನೇ ದಿನ ಭಾನುವಾರ. ಅಕ್ಕ, ಮಕ್ಕಳು ನೋಡೋಕೆ ಬರುವವರಿದ್ದರು. ನಾನು ಬೆಳಗ್ಗೆ ಎರಡು ಸೂಟ್‌ಕೇಸ್, ಹಳೆ ರಗ್ಗಿನ ಗಂಟು, ಪೇಪರ್ ಬಂಡಲ್ ಎಲ್ಲ ಒಟ್ಟು ಮಾಡಿದೆ. ಪೊರಕೆ ಹಿಡಿಯಿಂದ ಮಂಚದ ಕೆಳಗೆ ನೆಲ ಕುಟ್ಟಿದೆ. ಅವಳು ಹೊರಗೆ ಓಡಿದ ತಕ್ಷಣ ನಾಲ್ಕು ಕಡೆಯೂ ಒಂದು ಬೆರಳು ತೂರದ ಹಾಗೆ ತುಂಬಿಬಿಟ್ಟೆ. ಅಮ್ಮ ಬಾಗಿಲಲ್ಲಿ ನಿಂತು, "ಅದರ ಪಾಡಿಗೆ ಅದನ್ನ ಬಿಡೋ, ಊರಲ್ಲಿ ನಾವ್ಯಾರಾದ್ರೂ ಬೆಕ್ಕನ್ನ ಪಳಗಿಸಿದ್ವಾ?" ಅಂದರು. ನಾನು ಕೇಳಲಿಲ್ಲ.

ಈ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಾಕೆಂದರೆ ಮಾಡುವಾಗ ಅದು ತಪ್ಪು ಅಂತ ಅನ್ನಿಸೋದೇ ಇಲ್ಲ. ನಾನು ಬೈಯಲಿಲ್ಲ, ಹೊಡೆಯಲಿಲ್ಲ. ಅಡಗುವ ಜಾಗ ಇಲ್ಲದಿದ್ದರೆ ನಮ್ಮ ನಡುವೆ ಇರಬೇಕಾಗುತ್ತೆ, ಇದ್ದೂ ಇದ್ದೂ ಭಯ ಹೋಗುತ್ತೆ ಅಂತ ಲೆಕ್ಕ ಹಾಕಿದ್ದೆ. ಅವಳ ಲೆಕ್ಕವೇ ಬೇರೆ ಇತ್ತು. ಆ ಮನೆಯ ವಾಸನೆ ಹೊಸದು, ಸದ್ದು ಹೊಸದು, ಜನ ಹೊಸಬರು. ನಾಲ್ಕು ದಿನದಲ್ಲಿ ಮಂಚದ ಕೆಳಗಿನ ಆ ಮೂಲೆಗೆ ಮಾತ್ರ ಅವಳ ಮೈವಾಸನೆ ಹತ್ತಿತ್ತು. ಅಷ್ಟೇ ಅವಳ ಮನೆ. ರಾತ್ರಿ ಹೊರಗೆ ಬಂದು ಓಡಾಡುವ ಧೈರ್ಯ ಬಂದಿದ್ದೂ ಓಡಿ ಸೇರಿಕೊಳ್ಳೋಕೆ ಅದೊಂದು ಜಾಗ ಇದೆ ಅನ್ನೋ ನಂಬಿಕೆಯಿಂದಲೇ. ನಾನು ಮುಚ್ಚಿದ್ದು ಆ ನಂಬಿಕೆಯನ್ನು. ಅದೂ ಅವಳ ಕಣ್ಣೆದುರೇ. ಅಲ್ಲಿಂದಾಚೆಗೆ ಈ ಮನೆಯಲ್ಲಿ ಯಾವ ಜಾಗವೂ ಭದ್ರ ಅಲ್ಲ ಅಂತ ಅವಳಿಗೆ ಗಟ್ಟಿಯಾಯಿತು.

ವಾಷಿಂಗ್ ಮಷಿನ್ ಹಿಂದೆ ಹೋದಳು. ಅಲ್ಲಿಂದ ಫ್ರಿಜ್ ಹತ್ತಿ ಅಡುಗೆಮನೆ ಅಟ್ಟಕ್ಕೆ ಹಾರಿದಳು. ಹಿತ್ತಾಳೆ ಕೊಳದಪ್ಪಲೆಯ ಹಿಂದೆ ಮುದುರಿ ಕೂತವಳು ಮೂರು ದಿನ ಇಳಿಯಲಿಲ್ಲ. ಊಟ ಕೆಳಗೆ ನೆಲದ ಮೇಲೆ ಇಟ್ಟಿದ್ದೆ. ತಿನ್ನಬೇಕಾದರೆ ಕುಕ್ಕರ್ ಕೂಗುವ, ನಾವು ಓಡಾಡುವ ಅಡುಗೆಮನೆಗೇ ಇಳಿಯಬೇಕು. ಹಸಿವಾದರೆ ತಾನೇ ಬರುತ್ತೆ ಅಂತ ಎಲ್ಲರೂ ಹೇಳಿದರು, ನಾನೂ ನಂಬಿದೆ. ಬೆಕ್ಕಿನ ವಿಷಯದಲ್ಲಿ ಈ ಮಾತು ತುಂಬಾ ಅಪಾಯ. ಹೆದರಿದ ಬೆಕ್ಕು ಹಸಿದುಕೊಂಡೇ ಕೂರುತ್ತೆ. ಊಟ ನಿಂತರೆ ಮೈಯ ಕೊಬ್ಬೆಲ್ಲ ಕರಗಿ ಲಿವರ್‌ಗೆ ಬಂದು ತುಂಬಿಕೊಳ್ಳುತ್ತೆ. ಎರಡು ಮೂರು ದಿನದ ಉಪವಾಸ ಸಾಕು ಇದು ಶುರುವಾಗೋಕೆ, ಸ್ವಲ್ಪ ದಪ್ಪ ಇರೋ ಬೆಕ್ಕಿಗೆ ಇನ್ನೂ ಬೇಗ. ಜೋರಾದರೆ ಒಸಡು, ಕಿವಿಯ ಒಳಭಾಗ ಹಳದಿಯಾಗುತ್ತೆ. ಜೀವಕ್ಕೇ ಕುತ್ತು.

ಚುಕ್ಕಿಗೆ ಹಳದಿಯಾಗಿರಲಿಲ್ಲ. ಏಣಿ ಹಾಕಿ ಟವೆಲ್‌ನಲ್ಲಿ ಸುತ್ತಿ ಇಳಿಸಿದಾಗ ಅವಳು ಪರಚಲಿಲ್ಲ, ಕೂಗಲೂ ಇಲ್ಲ. ತಲೆ ಸುಮ್ನೆ ನನ್ನ ಮೊಣಕೈ ಮೇಲೆ ಬಿದ್ದಿತ್ತು. ಡಾಕ್ಟರ್ ಡ್ರಿಪ್ ಹಾಕಿದರು, ರಕ್ತ ಪರೀಕ್ಷೆ ಮಾಡಿಸಿದರು. ಲಿವರ್‌ಗೆ ಪೆಟ್ಟು ಬೀಳೋಕೆ ಶುರುವಾಗಿದೆ, ಹೊಟ್ಟೆಗೆ ಹೇಗಾದರೂ ಊಟ ಹೋಗಲೇಬೇಕು ಅಂದರು. ಹನ್ನೊಂದು ದಿನ, ನಾಲ್ಕು ಗಂಟೆಗೊಮ್ಮೆ, ಟವೆಲ್‌ನಲ್ಲಿ ಬಿಗಿಯಾಗಿ ಸುತ್ತಿ ಸಿರಿಂಜ್‌ನಲ್ಲಿ ತಿನ್ನಿಸಿದೆ. ಪ್ರತಿ ಸಲವೂ ಅವಳ ಎದೆಬಡಿತ ನನ್ನ ಅಂಗೈಗೆ ಹೊಡೆಯುತ್ತಿತ್ತು. ಜೀವ ಉಳೀತು. ಆದರೆ ಆಮೇಲೆ ನನ್ನ ಹೆಜ್ಜೆ ಸದ್ದಿಗೇ ಮೈ ನೆಲಕ್ಕೆ ಅಂಟಿಸುತ್ತಿದ್ದಳು. ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಗೊತ್ತಲ್ವಾ, ಒಂದು ಸಲ ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡಿದ್ದಕ್ಕೆ ಆಮೇಲೆ ಹಾಲು ಕಂಡರೇ ಓಡಿಹೋಗುತ್ತಿತ್ತು. ಚಿಕ್ಕವರಿದ್ದಾಗ ಅದನ್ನು ಕೇಳಿ ನಗ್ತಿದ್ವಿ. ಚುಕ್ಕಿ ಟವೆಲ್ ಕಂಡು ನಡುಗುವಾಗ ನನಗೆ ಆ ಬೆಕ್ಕೇ ನೆನಪಾಗುತ್ತಿತ್ತು.

ಆಸ್ಪತ್ರೆಯಿಂದ ಬಂದ ದಿನವೇ ಮಂಚದ ಕೆಳಗಿನ ಸಾಮಾನೆಲ್ಲ ತೆಗೆದೆ. ಮಿಕ್ಸಿ ಬಂದಿದ್ದ ರಟ್ಟಿನ ಡಬ್ಬಕ್ಕೆ ತೂತು ಕೊಯ್ದು, ಅಮ್ಮನ ಹಳೆ ಹತ್ತಿ ಸೀರೆ ಹಾಸಿ, ಒಳಗೆ ಇಟ್ಟೆ. ಇದು ಬರೀ ನನ್ನ ನಂಬಿಕೆಯಲ್ಲ. ನೆದರ್‌ಲ್ಯಾಂಡ್ಸ್‌ನ ಒಂದು ಶೆಲ್ಟರ್‌ನಲ್ಲಿ ಹೊಸದಾಗಿ ಬಂದ ಹತ್ತೊಂಬತ್ತು ಬೆಕ್ಕುಗಳ ಪೈಕಿ ಹತ್ತಕ್ಕೆ ಅಡಗುವ ಡಬ್ಬ ಕೊಟ್ಟು, ಒಂಬತ್ತಕ್ಕೆ ಕೊಡದೆ ನೋಡಿದ್ದರು. ಡಬ್ಬ ಸಿಕ್ಕಿದವು ಬೇಗ ಶಾಂತವಾದವು. ಆ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಅಡಗೋದು ಬೆಕ್ಕಿಗೆ ರೋಗವಲ್ಲ, ಅದೇ ಔಷಧ.

ಇನ್ನೊಂದು ಮಾತು. ನಾಚಿಕೆ ಅಂತ ಬರೆದಿದ್ದೀರಿ. ಅದು ನಾಚಿಕೆಯಲ್ಲ, ಭಯ. ಮರಿಗೆ ಎರಡರಿಂದ ಏಳು ವಾರ ಆಗುವ ಹೊತ್ತಿನಲ್ಲಿ ಮನುಷ್ಯರ ಕೈ ತಾಗಿದ್ದರೆ ಆಮೇಲೆ ಸುಲಭವಾಗಿ ಹೊಂದಿಕೊಳ್ಳುತ್ತೆ. ಬೀದಿಯಲ್ಲಿ ಹುಟ್ಟಿದ ಎಷ್ಟೋ ಬೆಕ್ಕಿಗೆ ಆ ಕೈ ಸಿಕ್ಕಿರುವುದೇ ಇಲ್ಲ. ಜೊತೆಗಿರಲಿ ಅಂತ ಈಗಲೇ ಇನ್ನೊಂದು ಬೆಕ್ಕು ತರುವ ಯೋಚನೆಯಂತೂ ಬಿಟ್ಟುಬಿಡಿ. ಹೆದರಿದವಳಿಗೆ ಅದು ಇನ್ನೊಂದು ಹೆದರಿಕೆ. ವಾಪಸ್ ಕೊಡಲಾ ಅಂತಲೂ ಕೇಳಿದ್ದೀರಿ. ಐದು ದಿನ ನೋಡಿ ತೀರ್ಮಾನಿಸೋದು ಅನ್ಯಾಯ ಅಂತ ನನಗನ್ನಿಸುತ್ತೆ. ಅದಕ್ಕೆ ಅವಕಾಶವನ್ನೇ ಕೊಟ್ಟಿಲ್ಲ ನೀವು.

ನಾನು ಮಾಡಿದ್ದು ಇಷ್ಟು. ಅವಳನ್ನು ಅಮ್ಮನ ಕೋಣೆಯಲ್ಲೇ ಇಟ್ಟೆವು, ಇಡೀ ಮನೆ ಬಿಡಲಿಲ್ಲ. ಊಟ ಒಂದು ಮೂಲೆ, ಟ್ರೇ ಇನ್ನೊಂದು ಮೂಲೆ. ಕಿಟಕಿಗೆ ಜಾಲರಿ ಹಾಕಿಸಿದೆ. ಬೆಳಗ್ಗೆ ಆರಕ್ಕೆ ಹೋಗಿ ಮಂಚಕ್ಕೆ ಬೆನ್ನು ಹಾಕಿ ನೆಲದ ಮೇಲೆ ಕೂತು ಇಪ್ಪತ್ತು ನಿಮಿಷ ಪೇಪರ್ ಓದುತ್ತಿದ್ದೆ. ಕರೆಯುತ್ತಿರಲಿಲ್ಲ, ಬಗ್ಗಿ ನೋಡುತ್ತಿರಲಿಲ್ಲ. ಅಪ್ಪಿತಪ್ಪಿ ಕಣ್ಣು ಕಣ್ಣು ಕೂಡಿದರೆ ದಿಟ್ಟಿಸದೆ ನಿಧಾನವಾಗಿ ರೆಪ್ಪೆ ಮುಚ್ಚಿ ತೆಗೆಯುತ್ತಿದ್ದೆ. ಬೆಕ್ಕಿಗೆ ಅದು ಸ್ನೇಹದ ಸನ್ನೆ. ದೀಪಾವಳಿಯ ಮೂರೂ ದಿನ ಡಬ್ಬದಿಂದ ಹಗಲು ಹೊರಗೆ ಬರಲಿಲ್ಲ. ಆದರೆ ರಾತ್ರಿ ತಿಂದಳು. ಆಗ ನನಗೆ ಅಷ್ಟು ಸಾಕಿತ್ತು.

ಡಿಸೆಂಬರ್ ಕೊನೆ, ಅವರೆಕಾಯಿ ಕಾಲ. ಅಮ್ಮ ಕೋಣೆಯಲ್ಲಿ ಕಾಲು ಚಾಚಿ ಕೂತು ನೆನೆಸಿದ ಕಾಳು ಹಿಸುಕುತ್ತಿದ್ದರು. ಒಂದು ಬೇಳೆ ಬೆರಳಿಂದ ಚಿಮ್ಮಿ ಮಂಚದ ಕೆಳಗೆ ಹೋಯಿತು. ಸ್ವಲ್ಪ ಹೊತ್ತಾದ ಮೇಲೆ ಅದು ಜಾರಿಕೊಂಡು ವಾಪಸ್ ಬಂತು. ಅಮ್ಮ ತಲೆ ಎತ್ತದೆ ಇನ್ನೊಂದು ಬೇಳೆ ಒಳಗೆ ಚಿಮ್ಮಿಸಿದರು. ಅದೂ ಬಂತು. ಮೂರನೆಯದರ ಜೊತೆ ಒಂದು ಬಿಳಿ ಪಂಜ ಬಂತು, ಉಗುರು ಒಳಗೆಳೆದುಕೊಂಡು, ನೆಲ ತಡಕಿ ಮತ್ತೆ ಒಳಗೆ ಹೋಯಿತು. ನಾನು ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತವನು ಅಲ್ಲಾಡಲಿಲ್ಲ. ಕಾಫಿ ತಣ್ಣಗಾಯಿತು.

ಈಗಲೂ ಅವಳು ತೊಡೆ ಮೇಲೆ ಕೂರಲ್ಲ. ನೆಂಟರು ಬಂದರೆ ಮಂಚದ ಕೆಳಗೇ. ರಾತ್ರಿ ಮಾತ್ರ ಅಮ್ಮನ ಕಾಲ ಹತ್ತಿರ ಮಲಗುತ್ತಾಳೆ.

ನಿಮ್ಮ ಬೆಕ್ಕು ತಿನ್ನುತ್ತಿದೆಯಾ ಅಂತ ನೀವು ಬರೆದೇ ಇಲ್ಲ. ನನಗೆ ಚಿಂತೆ ಇರೋದು ಅದೊಂದೇ. ಇವತ್ತು ರಾತ್ರಿ ಊಟ ತೂಗಿ, ಮಂಚದ ಹತ್ತಿರವೇ ಇಟ್ಟು, ಕೋಣೆ ಬಾಗಿಲು ಹಾಕಿ ಮಲಗಿ. ಬೆಳಗ್ಗೆ ಮತ್ತೆ ತೂಗಿ. ಒಂದು ಚಮಚದಷ್ಟೂ ಕಮ್ಮಿ ಆಗಿಲ್ಲ ಅಂದರೆ ನಾಳೆಯೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಮೈ ಬಿಸಿ ಅನ್ನಿಸಿತು ಅಂತ ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡಬೇಡಿ, ಬೆಕ್ಕಿಗೆ ಅದು ವಿಷ. ತಟ್ಟೆ ಖಾಲಿಯಾಗಿದ್ದರೆ ತೊಳೆದು ಮತ್ತೆ ತುಂಬಿ ಅಲ್ಲೇ ಇಡಿ. ಏನಾಯಿತು ಅಂತ ಇಲ್ಲಿ ಬರೆಯಿರಿ, ನಾನು ನೋಡುತ್ತಿರುತ್ತೇನೆ.