‘ಸ್ಟಾರ್ ಡಸ್ಟ್’ ಕಥೆ: ಸದ್ಯಕ್ಕೆ ವಾಪಸ್

ನಮಸ್ಕಾರ.

1947ರ ಆಗಸ್ಟ್ 2ರಂದು ಬ್ಯೂನಸ್ ಐರಿಸ್‌ನಿಂದ ಸಾಂಟಿಯಾಗೊಗೆ ಹೊರಟು ಆಂಡೀಸ್ ಪರ್ವತದಲ್ಲಿ ಕಣ್ಮರೆಯಾದ ಬ್ರಿಟಿಷ್ ವಿಮಾನ ‘ಸ್ಟಾರ್ ಡಸ್ಟ್’ ಬಗ್ಗೆ ನೀವು ಕಳಿಸಿದ ಕಥೆ ಓದಿದೆ. ಈಗಿರುವ ರೂಪದಲ್ಲಿ ಹಾಕಲಾಗದು. ಹಾಗಂತ ಕೈಬಿಡಬೇಡಿ, ವಸ್ತು ಗಟ್ಟಿಯಾಗಿದೆ.

ಮೊದಲು ಸದ್ದಿನ ವಿಚಾರ. ಹೆಡ್‌ಫೋನಿನಲ್ಲಿ ಮೋರ್ಸ್ (ಗಿಡ್ಡ-ಉದ್ದ ಸದ್ದುಗಳಲ್ಲಿ ಅಕ್ಷರ ಕಳಿಸುವ ಸಂಕೇತ) ‘ಕಟಕಟ’ ಎನ್ನುತ್ತದೆ ಎಂದು ಬರೆದಿದ್ದೀರಿ. ಅದು ನಮ್ಮ ಹಳೆಯ ತಾರು ಕಚೇರಿಯ ಸದ್ದು. ರೇಡಿಯೊದಲ್ಲಿ ಕೇಳುವುದು ಸೀಟಿಯಂಥ ಸ್ವರ: ಗಿಡ್ಡದ್ದು ‘ಡಿಟ್’, ಉದ್ದದ್ದು ‘ಡಾ’. ಮಾತು ಕರಕರ ಸದ್ದಿನಲ್ಲಿ ಮುಳುಗಿಹೋದರೂ ಆ ಸ್ವರವನ್ನು ಪಳಗಿದ ಕಿವಿ ಹೆಕ್ಕಿಕೊಳ್ಳುತ್ತಿತ್ತು. ದೂರದ ಹಾರಾಟಗಳಲ್ಲಿ ರೇಡಿಯೊಗೆಂದೇ ಒಬ್ಬರು ಇರುತ್ತಿದ್ದುದು ಅದಕ್ಕೇ. ನಿಮ್ಮಲ್ಲಿ ಕ್ಯಾಪ್ಟನ್ನೇ ವಿಮಾನ ನಡೆಸುತ್ತಾ ಮೋರ್ಸ್ ಕೀಲಿಯನ್ನೂ ಕುಟ್ಟುತ್ತಾನೆ. ರೇಡಿಯೊ ಅಧಿಕಾರಿ ಡೆನಿಸ್ ಹಾರ್ಮರ್‌ಗೆ ಕೆಲಸವೇ ಇಲ್ಲ!

ಆಮೇಲೆ ಆ ಚೀರಾಟ, ಪ್ರಾರ್ಥನೆ, ಎಸ್‌ಒಎಸ್‌ಗಳ ಪುಟಗಳು. ಆ ವಿಮಾನದಿಂದ ಅಪಾಯದ ಕರೆ ಬಂದೇ ಇರಲಿಲ್ಲ. ಆಂಡೀಸ್‌ನ ಟುಪುಂಗಾಟೊ ಹಿಮನದಿಯಲ್ಲಿ ಅವಶೇಷ ಸಿಕ್ಕಿ, 2000ದಲ್ಲಿ ತಂಡವೊಂದು ಹೋಗಿ ನೋಡಿದಾಗ, ಎಂಜಿನ್ ಮಾಮೂಲಿನಂತೆ ಓಡುತ್ತಿದ್ದಾಗಲೇ ಡಿಕ್ಕಿಯಾಗಿದೆ ಎಂಬುದು ತಿಳಿಯಿತು. ಬಿರುಸಾದ ಎದುರುಗಾಳಿ ವೇಗ ತಗ್ಗಿಸಿತ್ತು. ಮೋಡದಿಂದಾಗಿ ನೆಲ ಕಾಣದೆ, ಪರ್ವತ ದಾಟಿಯಾಯಿತೆಂದು ನಂಬಿ ಇಳಿಯತೊಡಗಿದ್ದರು ಎನ್ನುವುದು ತಜ್ಞರ ತರ್ಕ. ಅಂದಮೇಲೆ ಚೀರಲು ಅವರಿಗೆ ಕಾರಣವೇ ಇರಲಿಲ್ಲ. ಆ ಪುಟಗಳನ್ನು ಮುಲಾಜಿಲ್ಲದೆ ಹರಿದುಹಾಕಿ.

ನಿಮ್ಮ ನಿಜವಾದ ಪಾತ್ರ ಸಾಂಟಿಯಾಗೊ ವಿಮಾನ ನಿಲ್ದಾಣದ ರೇಡಿಯೊ ಆಪರೇಟರ್. ಅವನನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ಸಂಜೆ 5.41ಕ್ಕೆ ಅವನಿಗೆ ಬಂದ ಸಂದೇಶ: 5.45ಕ್ಕೆ ತಲುಪುತ್ತೇವೆ. ಕೊನೆಗೆ ‘ಎಸ್ ಟಿ ಇ ಎನ್ ಡಿ ಇ ಸಿ’. ಅವನಿಗೆ ತಲೆಬುಡ ತಿಳಿಯಲಿಲ್ಲ. ಮತ್ತೆ ಕೇಳಿದ. ಅದೇ ಏಳು ಅಕ್ಷರ ಇನ್ನೂ ಎರಡು ಸಲ ಬಂದವು, ಜೋರಾಗಿ, ಸ್ಪಷ್ಟವಾಗಿ, ಬಲು ವೇಗವಾಗಿ. ಆಮೇಲೆ ಏನೂ ಬರಲಿಲ್ಲ. ಮೋರ್ಸ್‌ನಲ್ಲಿ ನಡುವಿನ ಬಿಡುವು ತುಸು ಆಚೀಚೆಯಾದರೂ ಅಕ್ಷರಗಳೇ ಬದಲಾಗುತ್ತವೆ. ತಪ್ಪು ಕಳಿಸಿದವನ ಬೆರಳಿನದೋ ತನ್ನ ಕಿವಿಯದೋ ಎಂದು ಅವನು ತಳಮಳಿಸಿರಬಹುದಲ್ಲ? ಕಥೆಗಾರರಿಗೆ ಇದಕ್ಕಿಂತ ಇನ್ನೇನು ಬೇಕು!

ಆ ಏಳು ಅಕ್ಷರಗಳ ಅರ್ಥ ಇಂದಿಗೂ ಖಚಿತವಾಗಿಲ್ಲ. ನಿಮ್ಮ ನಾಯಕ ಮಾತ್ರ ಕೊನೆಯ ಪುಟದಲ್ಲಿ ಪತ್ತೇದಾರನಂತೆ ಬಿಡಿಸಿಟ್ಟು ಮೀಸೆ ತಿರುವುತ್ತಾನೆ. ಅದು ಬೇಡ.

ಆಪರೇಟರ್‌ನ ಕುರ್ಚಿಯಲ್ಲಿ ಕೂತು ಹೊಸದಾಗಿ ಬರೆಯಿರಿ. ಎಂಟು ಪುಟ ಮೀರದಿರಲಿ. ದೀಪಾವಳಿ ವಿಶೇಷಾಂಕಕ್ಕೆ ಮುಂಚೆ ಬಂದರೆ ನಾನೇ ಮೊದಲು ಓದುತ್ತೇನೆ.

— ಸಂಪಾದಕ