ಪರಾಗರೇಣು ಎಂದರೆ ಗಂಡು ಲಿಂಗಾಣುವೇ? ಒಂದೇ ರೇಣುವಿನಲ್ಲಿ ಎರಡು ಕೋಶಗಳೇಕೆ?

ಅಲ್ಲ. ಹಾಗೆಂದು ತಿಳಿದವರು ಬಹಳ ಮಂದಿ, ಕೆಲವು ಗೈಡುಗಳೂ ಹಾಗೆಯೇ ಬರೆದು ಕೈತೊಳೆದುಕೊಳ್ಳುತ್ತವೆ. ರೇಣು, ಅಂದರೆ ಹೂವಿನ ಪುಡಿಯ ಒಂದು ಕಣ, ಲಿಂಗಾಣುವಲ್ಲ; ಲಿಂಗಾಣುಗಳನ್ನು, ಅಂದರೆ ಗಂಡು-ಹೆಣ್ಣಿನ ಕೂಡುವಿಕೆಗೆ ಬೇಕಾದ ಕೋಶಗಳನ್ನು, ತನ್ನೊಳಗೆ ಹುಟ್ಟಿಸಿ, ಮುಟ್ಟಬೇಕಾದಲ್ಲಿಗೆ ಮುಟ್ಟಿಸುವ ಅತಿಸಣ್ಣ ಗಂಡು ಸಸ್ಯ. ನಾನು ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಮನೆಯಲ್ಲಿ ಒಂದಿಷ್ಟು ತೆಂಗು, ಕಂಗು ಇವೆ. ಹಾಗಾಗಿ ಉದಾಹರಣೆಗಳೆಲ್ಲ ತೋಟದವೇ ಬಂದರೆ ಬೇಸರಿಸಬೇಡಿ.

ಹೂಬಿಡುವ ಹೆಚ್ಚಿನ ಸಸ್ಯಗಳಲ್ಲಿ ಪರಾಗಕೋಶ (ರೇಣು ತುಂಬಿದ ಚೀಲ) ಒಡೆದು ರೇಣು ಹೊರಬೀಳುವಾಗ ಅದರಲ್ಲಿ ಎರಡು ಕೋಶಗಳಿರುತ್ತವೆ: ದೊಡ್ಡದೊಂದು ನಾಳಕೋಶ, ಅದರ ಹೊಟ್ಟೆಯೊಳಗೇ ಸಣ್ಣದೊಂದು ಜನಕಕೋಶ. ಜನಕಕೋಶ ಇಬ್ಭಾಗವಾದಾಗ ಎರಡು ಗಂಡು ಲಿಂಗಾಣುಗಳಾಗುತ್ತವೆ. ಭತ್ತ, ಮುಸುಕಿನ ಜೋಳದಂಥವುಗಳಲ್ಲಿ ಈ ವಿಭಜನೆ ಮೊದಲೇ ಮುಗಿದಿರುತ್ತದೆ. ಅವುಗಳ ರೇಣು ಮೂರು ಕೋಶಗಳೊಂದಿಗೇ ಹೊರಡುತ್ತದೆ.

ನಾಳಕೋಶದ ಕೆಲಸ ದಾರಿ ಕೊರೆಯುವುದು. ಜರೀಗಿಡದ ಲಿಂಗಾಣುಗಳಿಗೆ ನೀರಿನಲ್ಲಿ ಈಜಲು ಬಾಲವಿದೆ, ಹೂಗಿಡದವುಗಳಿಗೆ ಇಲ್ಲ. ಹೂವಿನ ಹೆಣ್ಣು ಭಾಗದ ತುದಿಯಾದ ಶಲಾಕಾಗ್ರದ ಮೇಲೆ ಕುಳಿತ ರೇಣು ಮೊಳೆತು, ನಾಳವೊಂದನ್ನು ಅದರ ಕೆಳಗಿನ ಕಡ್ಡಿಯಂಥ ಶಲಾಕೆಯೊಳಗೆ ಇಳಿಸಿ, ಮುಂದೆ ಬೀಜವಾಗುವ ಅಂಡಕದವರೆಗೆ ಲಿಂಗಾಣುಗಳನ್ನು ಕೊಂಡೊಯ್ಯಬೇಕು. ಇದನ್ನು ಕಣ್ಣಾರೆ ನೋಡಬೇಕೆಂದರೆ ಮಳೆಗಾಲದಲ್ಲಿ ಅಂಗಳದ ಬದಿಯಲ್ಲಿ ಅರಳುವ ಕರ್ಣಕುಂಡಲವೇ ಸಾಕು. ಆಗ ತಾನೇ ಅರಳಿದ ಹೂವಿನ ರೇಣುವನ್ನು, ಚಿಟಿಕೆ ಬೋರಿಕ್ ಆಮ್ಲ ಬೆರೆಸಿದ ಸಕ್ಕರೆ ನೀರಿನ ಹನಿಗೆ ಉದುರಿಸಿ ಸೂಕ್ಷ್ಮದರ್ಶಕದಡಿ ಇಡಿ. ಒಂದು ಪಿರಿಯಡ್ ಮುಗಿಯುವುದರೊಳಗೆ ರೇಣುವಿನ ಒಂದು ಬದಿ ಉಬ್ಬಿ, ಪಾರದರ್ಶಕವಾದ ನಾಳ ಹೊರಟು, ಅದರೊಳಗೆ ಕಣಗಳು ಅತ್ತಿತ್ತ ಹರಿದಾಡುವುದು ಕಾಣುತ್ತದೆ. ಸಕ್ಕರೆಯಿಲ್ಲದ ಬರಿಯ ನೀರಾದರೆ ಎಷ್ಟೋ ರೇಣುಗಳು ನೀರು ಹೀರಿ ಒಡೆದುಹೋಗುತ್ತವೆ.

ಇನ್ನು ಲಿಂಗಾಣುಗಳು ಎರಡೇಕೆ? ಮೊದಲನೆಯದು ಅಂಡಕದೊಳಗಿನ ಹೆಣ್ಣು ಲಿಂಗಾಣುವಾದ ಅಂಡಾಣುವಿನೊಂದಿಗೆ ಕೂಡಿ ಭ್ರೂಣವಾಗುತ್ತದೆ. ಎರಡನೆಯದೂ ವ್ಯರ್ಥವಾಗುವುದಿಲ್ಲ. ಅದು ಪಕ್ಕದಲ್ಲಿರುವ ಎರಡು ಧ್ರುವ ಕೋಶಕೇಂದ್ರಗಳೊಂದಿಗೆ ಬೆರೆತು ಭ್ರೂಣಕ್ಕೆ ಬೇಕಾದ ಆಹಾರವನ್ನು, ಅಂದರೆ ಭ್ರೂಣಪೋಷವನ್ನು ಕಟ್ಟುತ್ತದೆ. ಈ ಇಮ್ಮಡಿ ನಿಷೇಚನವನ್ನು 1898ರಲ್ಲಿ ಮೊದಲು ಗುರುತಿಸಿದವನು ರಷ್ಯಾದ ಸಸ್ಯವಿಜ್ಞಾನಿ ಸೆರ್ಗೈ ನವಾಶಿನ್. ಮಕ್ಕಳು ಉರುಹೊಡೆದು ಮರೆಯುವ ಪಾಠ ಇದು. ಎಳನೀರು ಕೆತ್ತಿ ಮುಂದಿಟ್ಟರೆ ಮಾತ್ರ ಮರೆಯುವುದಿಲ್ಲ. ಆ ನೀರೇ ಭ್ರೂಣಪೋಷ: ನಡುವೆ ಗೋಡೆ ಏಳದೆ ಕೋಶಕೇಂದ್ರಗಳು ಮಾತ್ರ ಹೆಚ್ಚುತ್ತಾ ಹೋದ ದ್ರವ. ಅಂಚಿನಲ್ಲಿ ಗೋಡೆ ಕಟ್ಟಿಕೊಂಡ ಭಾಗ ತಿರುಳಾಗುತ್ತದೆ. ಕೊಬ್ಬರಿ, ಅದರಿಂದ ತೆಗೆದ ಎಣ್ಣೆ, ಚಟ್ನಿ ಎಲ್ಲವೂ ಎರಡನೆಯ ಲಿಂಗಾಣುವಿನ ಲೆಕ್ಕಕ್ಕೇ ಸೇರಬೇಕು. ಮೊದಲನೆಯದರ ಫಲ ನೋಡಬೇಕಾದರೆ ಕಾಯಿಯ ಮೆತ್ತನೆಯ ಕಣ್ಣಿನ ಕೆಳಗೆ ತಿರುಳನ್ನು ಜೋಪಾನವಾಗಿ ಬಿಡಿಸಿ. ಅಲ್ಲಿ ಹುದುಗಿರುವ ಪುಟ್ಟ ಬಿಳಿ ಮೊಳೆಯೇ ಭ್ರೂಣ.

ರೇಣು ಯಾರದ್ದು ಎಂಬುದು ನಮ್ಮಲ್ಲಿ ಬರಿಯ ಪಾಠದ ವಿಷಯವೂ ಅಲ್ಲ. ಇಲ್ಲಿನ ಕೂಡ್ಲುವಿನಲ್ಲಿರುವ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಸಂಸ್ಥೆಯ ಎರಡು ಸಂಕರ, ಅಂದರೆ ಬೆರಕೆ, ತೆಂಗಿನ ತಳಿಗಳಿವೆ: ಕೇರಸಂಕರ ಮತ್ತು ಚಂದ್ರಸಂಕರ. ಎರಡಕ್ಕೂ ಹೆತ್ತವರು ಒಂದೇ ಜೋಡಿ, ಪಶ್ಚಿಮ ಕರಾವಳಿಯ ಎತ್ತರದ ತಳಿ ಮತ್ತು ಚಾವಕ್ಕಾಡಿನ ಕಿತ್ತಳೆ ಬಣ್ಣದ ಗಿಡ್ಡ ತಳಿ. ಕೇರಸಂಕರದಲ್ಲಿ ರೇಣು ಗಿಡ್ಡ ಮರದ್ದು, ಚಂದ್ರಸಂಕರದಲ್ಲಿ ಎತ್ತರದ ಮರದ್ದು. ಎತ್ತರದ ಮರದ ಹೊಂಬಾಳೆಯಲ್ಲಿ ಗಂಡು ಹೂಗಳು ಉದುರಿದ ಮೇಲೆಯೇ ಸಾಮಾನ್ಯವಾಗಿ ಹೆಣ್ಣು ಹೂಗಳು ಸಿದ್ಧವಾಗುವುದರಿಂದ ಅದಕ್ಕೆ ಬೇರೆ ಮರದ ರೇಣು ಬೇಕು. ಗಿಡ್ಡ ತಳಿಯಲ್ಲಿ ಎರಡೂ ಜೊತೆಗೂಡುತ್ತವೆ, ತನ್ನ ರೇಣುವೇ ತನಗೆ ತಗಲುತ್ತದೆ. ಆದ್ದರಿಂದ ಗಿಡ್ಡ ಮರವನ್ನು ತಾಯಿಯಾಗಿಸುವಾಗ, ಅದರ ಗಂಡು ಹೂಗಳನ್ನು ಅರಳುವ ಮೊದಲೇ ಕಿತ್ತು ತೆಗೆದು, ಆಮೇಲೆ ಎತ್ತರದ ಮರದ ರೇಣುವನ್ನು ಉದುರಿಸಬೇಕು. ಎಷ್ಟು ಎಚ್ಚರವಹಿಸಿದರೂ ಒಮ್ಮೊಮ್ಮೆ ಸ್ವಂತ ರೇಣು ನುಸುಳುವುದುಂಟು. ಅದು ಗೊತ್ತಾಗುವುದು ನರ್ಸರಿಯಲ್ಲಿ: ಅಂಥ ಕಾಯಿಯ ಸಸಿಯ ದಂಟು ತಾಯಿಯಂತೆ ಕಿತ್ತಳೆ ಬಣ್ಣಕ್ಕಿರುತ್ತದೆ, ನಿಜವಾದ ಸಂಕರದ್ದು ಹಸಿರು ಅಥವಾ ಕಂದು. ಕಿತ್ತಳೆಯವನ್ನು ಆರಿಸಿ ಬದಿಗಿಡುತ್ತಾರೆ. ಚಂದ್ರಸಂಕರದ ಸಸಿ ಕೊಳ್ಳುವುದಿದ್ದರೆ ನೀವೂ ದಂಟನ್ನು ನೋಡಿಯೇ ದುಡ್ಡು ಕೊಡಿ. ಕೇರಸಂಕರದಲ್ಲಿ ಬಣ್ಣದ ಈ ಸುಳಿವು ಅಷ್ಟು ಸುಲಭವಾಗಿ ಸಿಗುವುದಿಲ್ಲ.