ಸ್ಪೌಸ್ ವೀಸಾ ಫೈಲು 11 ತಿಂಗಳಿಂದ ಅಲ್ಲಾಡುತ್ತಿಲ್ಲ, ಏಜೆಂಟನಿಗೆ ದುಡ್ಡು ಕೊಡಬೇಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ನೀವು ಶಿರಸಿಯಲ್ಲಿ, ಗಂಡ ಅಮೆರಿಕದಲ್ಲಿ. ಅವರು ನಿಮಗಾಗಿ ಐ-130, ಅಂದರೆ ಹೆಂಡತಿಯನ್ನು ಕರೆಸಿಕೊಳ್ಳುವ ಅರ್ಜಿ ಹಾಕಿ 11 ತಿಂಗಳಾಯಿತು. ಸೈಟ್ ತೆರೆದರೆ ಇನ್ನೂ ‘ಕೇಸ್ ವಾಸ್ ರಿಸೀವ್ಡ್’ ಅಂತಲೇ ಇದೆ. 40 ಸಾವಿರ ಕೊಟ್ಟರೆ ಫೈಲು ಮುಂದೆ ತಳ್ಳಿಸುತ್ತೇನೆ ಅಂತ ಏಜೆಂಟ್ ಹೇಳುತ್ತಿದ್ದಾನೆ.

ಕೊಡಬೇಡಿ. ದುಡ್ಡು ಕಟ್ಟಿ ಬೇಗ ಮಾಡಿಸಿಕೊಳ್ಳುವ ಪ್ರೀಮಿಯಂ ಸೌಲಭ್ಯ ಐ-130ಗೆ ಇಲ್ಲವೇ ಇಲ್ಲ. ತೀರಾ ಕಷ್ಟದ ಕಾರಣ ಇದ್ದರೆ, ಗಂಭೀರ ಕಾಯಿಲೆಯೋ ದೊಡ್ಡ ನಷ್ಟವೋ, ದಾಖಲೆ ತೋರಿಸಿ, ಬೇಗ ಕೈಗೆತ್ತಿಕೊಳ್ಳಿ ಅನ್ನುವ ‘ಎಕ್ಸ್‌ಪಿಡೈಟ್’ ಕೇಳಬಹುದು. ಅದಕ್ಕೆ ಫೀ ಇಲ್ಲ, ನಿಮ್ಮ ಗಂಡನೇ ಕೇಳಬಹುದು. ಒಪ್ಪುವುದು ಬಿಡುವುದು ಅಲ್ಲಿನ ಇಮಿಗ್ರೇಷನ್ ಕಚೇರಿಗೆ ಸೇರಿದ್ದು. ಏಜೆಂಟ್ ಮುಂದೆ ತಳ್ಳುವುದು ನಿಮ್ಮ ದುಡ್ಡನ್ನು ಮಾತ್ರ, ತನ್ನ ಕಿಸೆಗೆ.

ನಾನು ಕುಮಟೆಯವಳು. 2023ರ ಜನವರಿಯಲ್ಲಿ ಅರ್ಜಿ, 2025ರ ಮಾರ್ಚಿನಲ್ಲಿ ವೀಸಾ. ಕೂತು ಲೆಕ್ಕ ಹಾಕಿದರೆ ಅದರಲ್ಲಿ ಏನಿಲ್ಲವೆಂದರೂ ಐದಾರು ತಿಂಗಳು ಹೋದದ್ದು ನಮ್ಮ ಕಾಗದಪತ್ರದ ಗೊಂದಲದಿಂದ. ಅಮೆರಿಕದವರ ತಡವನ್ನು ನಾವೇನೂ ಮಾಡುವ ಹಾಗಿಲ್ಲ. ನಮ್ಮ ಕಾಗದಪತ್ರವನ್ನಾದರೂ ಸರಿ ಮಾಡಿಕೊಳ್ಳಬಹುದಿತ್ತು.

ಮೊದಲು ಒಂದು ವಿಷಯ ನೀವು ಬರೆದೇ ಇಲ್ಲ. ನಿಮ್ಮ ಗಂಡ ಅಲ್ಲಿನ ಪ್ರಜೆಯೋ, ಬರೀ ಗ್ರೀನ್ ಕಾರ್ಡ್ ಇರುವವರೋ? ಪ್ರಜೆಯಾದರೆ ಹೆಂಡತಿಗೆ ಕೋಟಾದ ಸರತಿ ಇಲ್ಲ. ಗ್ರೀನ್ ಕಾರ್ಡ್ ಆದರೆ ನೀವು ಎಫ್2ಎ, ಅಂದರೆ ಕೋಟಾದ ಸರತಿ ಇರುವ ವರ್ಗ. ಆಗ ಅರ್ಜಿ ಪಾಸಾದರೂ ಸಾಲದು, ಯಾವ ತಾರೀಕಿನ ಅರ್ಜಿಯವರ ಸರತಿ ಬಂತು ಅಂತ ಪ್ರತಿ ತಿಂಗಳು ತಿಳಿಸುವ ವೀಸಾ ಬುಲೆಟಿನ್‌ನಲ್ಲಿ ನಿಮ್ಮ ತಾರೀಕು ಬರಬೇಕು. ಮಧ್ಯದಲ್ಲಿ ಅವರಿಗೆ ಪೌರತ್ವ ಸಿಕ್ಕರೆ ತಕ್ಷಣ ಕಚೇರಿಗೆ ತಿಳಿಸಲಿ, ನಿಮ್ಮ ವರ್ಗ ಬದಲಾಗುತ್ತದೆ.

ಇನ್ನು ಆ ಸ್ಟೇಟಸ್ ಪುಟ. ನಾನು ದಿನಾ ಬೆಳಿಗ್ಗೆ ದೋಸೆ ಹೊಯ್ಯುವ ಮೊದಲು ಅದನ್ನು ನೋಡುತ್ತಿದ್ದೆ. ತಿಂಗಳುಗಟ್ಟಲೆ ಒಂದಕ್ಷರ ಬದಲಾಗಲಿಲ್ಲ. ಪಕ್ಕದ ಮನೆಯವರು ಕಂಡಾಗಲೆಲ್ಲ ‘ಎಂತ ಆಯ್ತು ವೀಸಾ?’ ಅನ್ನುವುದು ಬೇರೆ. ‘ರಿಸೀವ್ಡ್’ ಅಂತ ನಿಂತಿದ್ದರೆ ಫೈಲು ಕಳೆದುಹೋಗಿದೆ ಅಂತಲ್ಲ, ಇನ್ನೂ ಯಾರೂ ಕೈಗೆತ್ತಿಕೊಂಡಿಲ್ಲ ಅಷ್ಟೇ. ನೋಡಬೇಕಾದ್ದು ಅಲ್ಲಿನ ಇಮಿಗ್ರೇಷನ್ ಕಚೇರಿಯಾದ ಯುಎಸ್‌ಸಿಐಎಸ್‌ನ ‘ಪ್ರೊಸೆಸಿಂಗ್ ಟೈಮ್ಸ್’ ಪುಟ. ಅಲ್ಲಿ ಕೊಡುವ ಅವಧಿ ಅಂದರೆ 80% ಅರ್ಜಿಗಳು ಮುಗಿಯಲು ಹಿಡಿದ ಕಾಲ. ಉಳಿದವರು ಅದಕ್ಕೂ ಜಾಸ್ತಿ ಕಾಯುತ್ತಾರೆ. ಅದೇ ಪುಟದಲ್ಲಿ ರಸೀದಿಯ ತಾರೀಕು ಹಾಕಿದರೆ ಯಾವಾಗಿನಿಂದ ವಿಚಾರಿಸಬಹುದು ಅಂತ ಹೇಳುತ್ತದೆ. ಆ ದಿನಕ್ಕಿಂತ ಮೊದಲು ಫೋನ್ ಮಾಡಿ ಉಪಯೋಗ ಇಲ್ಲ. ದಾಟಿದ ಮೇಲೆ ಆನ್‌ಲೈನ್‌ನಲ್ಲೇ ವಿಚಾರಣೆ ಹಾಕಬಹುದು. ಅದನ್ನು ನಿಮ್ಮ ಗಂಡನೇ ಹಾಕಬೇಕು, ಅರ್ಜಿದಾರ ಅವರು. ಅದಕ್ಕೂ ಉತ್ತರ ಬಾರದಿದ್ದರೆ ಅವರ ಊರಿನ ಸಂಸದರ, ಅಂದರೆ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಸದಸ್ಯರ ಕಚೇರಿಗೆ ಬರೆಯಲಿ. ಒಪ್ಪಿಗೆಯ ಫಾರಂಗೆ ಸಹಿ ಹಾಕಿಸಿಕೊಂಡು ಅವರು ಕೇಳುತ್ತಾರೆ. ಸರತಿ ಮುಂದೆ ಹೋಗುವುದಿಲ್ಲ, ಆದರೆ ಏನಾದರೂ ಉತ್ತರ ಬರುತ್ತದೆ.

ಹಾಂ, ವಿಳಾಸ. ನಮ್ಮವರು ಮನೆ ಬದಲಿಸಿದಾಗ ಅಲ್ಲಿನ ಅಂಚೆ ಕಚೇರಿಗೆ ಹೇಳಿ ಸುಮ್ಮನಾಗಿದ್ದರು. ಇಮಿಗ್ರೇಷನ್‌ನವರಿಗೆ ಬೇರೆಯಾಗಿ ಹೇಳಬೇಕು ಅಂತ ಗೊತ್ತಿರಲಿಲ್ಲ. ಒಂದು ಬೆಳಿಗ್ಗೆ ‘ಇನ್ನಷ್ಟು ಸಾಕ್ಷ್ಯ ಕೇಳಿ ಪತ್ರ ಕಳಿಸಿದ್ದೇವೆ’ ಅಂತ ಕುಮಟೆಯಲ್ಲಿ ಕೂತ ನನಗೆ ಕಂಡಿತು, ಅಲ್ಲಿದ್ದ ಅವರಿಗೆ ಪತ್ರವೇ ಬಂದಿರಲಿಲ್ಲ! ಹಳೆಯ ಮನೆಗೆ ಬಂದ ಹೊಸ ಬಾಡಿಗೆದಾರ ಪುಣ್ಯಾತ್ಮ, ಎಸೆಯದೆ ಇಟ್ಟಿದ್ದ. ನಮ್ಮ ಪತ್ರದಲ್ಲಿ ಕೊಟ್ಟದ್ದು 84 ದಿನ, ಉತ್ತರ ಹೋದದ್ದು ಎಪ್ಪತ್ತು ದಾಟಿದ ಮೇಲೆ. ಇಂಥ ಪತ್ರಕ್ಕೆ ಎಲ್ಲವನ್ನೂ ಒಂದೇ ಸಲ ಕಳಿಸಬೇಕು, ಕಂತಿನಲ್ಲಿ ಆಗುವುದಿಲ್ಲ. ಅವರು ಕೇಳಿದ್ದು ಮದುವೆ ನಿಜವಾದದ್ದು ಅನ್ನಲು ಪುರಾವೆ. ಮದುವೆ ಫೋಟೊ ಒಂದೇ ಸಾಲುವುದಿಲ್ಲ. ಅವರು ಬಂದುಹೋದ ಟಿಕೆಟ್, ಕರೆಗಳ ದಾಖಲೆ, ಜಂಟಿ ಖಾತೆ, ಒಬ್ಬರಿಗೊಬ್ಬರು ಕಳಿಸಿದ ಹಣ, ಇವೆಲ್ಲ ಈಗಿನಿಂದಲೇ ಒಂದು ಕಡೆ ಕೂಡಿಡಿ.

ಅರ್ಜಿ ಪಾಸಾದ ಮೇಲೆ ಫೈಲು ಬೇರೆ ಇಲಾಖೆಯ ನ್ಯಾಷನಲ್ ವೀಸಾ ಸೆಂಟರಿಗೆ ಹೋಗುತ್ತದೆ. ಅಲ್ಲಿಂದ ಹೊಸ ನಂಬರು, ಹೊಸ ಸೈಟು. ಮುಂಬೈ ಕಾನ್ಸುಲೇಟಿನ ನಂಬರು ಬಿಎಂಬಿ ಅಂತ ಶುರುವಾಗುತ್ತದೆ. ಹಳೆಯ ರಸೀದಿ ನಂಬರನ್ನೇ ಹಿಡಿದು ಕೂತರೆ ಏನೂ ಕಾಣುವುದಿಲ್ಲ. ಫೀ ಅಮೆರಿಕದ ಬ್ಯಾಂಕ್ ಖಾತೆಯಿಂದಲೇ ಕಟ್ಟಬೇಕು. ಒಂದು ವರ್ಷ ಪೂರ್ತಿ ಆ ಕಡೆ ತಲೆಹಾಕದಿದ್ದರೆ ಕೇಸನ್ನೇ ಮುಚ್ಚುವ ಸಾಧ್ಯತೆ ಇದೆ. ಕಾಗದ ಅಪ್‌ಲೋಡ್ ಮಾಡುವುದು ಇಲ್ಲೇ, ನಾನು ಎಡವಿದ್ದೂ ಇಲ್ಲೇ.

ನಾನು ಹುಟ್ಟಿ ಎರಡನೇ ದಿನಕ್ಕೆ ನೋಂದಣಿ, ಹನ್ನೆರಡನೇ ದಿನಕ್ಕೆ ನಾಮಕರಣ. ಹಾಗಾಗಿ ಜನನ ಪತ್ರದಲ್ಲಿ ‘ಹೆಣ್ಣು’ ಅಂತ ಮಾತ್ರ ಇತ್ತು, ಹೆಸರಿನ ಜಾಗ ಖಾಲಿ. ಮೂವತ್ತು ವರ್ಷ ಅದು ಯಾರಿಗೂ ಬೇಕಾಗಿರಲಿಲ್ಲ. ಮೇಲಿಂದ ನಮ್ಮ ಅಡ್ಡಹೆಸರು. ಅಪ್ಪನ ಹೆಸರಿನ ಕೊನೆಗೆ ಜನನ ಪತ್ರದಲ್ಲಿ ನಾಯಕ, ಶಾಲೆಯ ಟಿಸಿಯಲ್ಲಿ ನಾಯ್ಕ, ನನ್ನ ಪಾಸ್‌ಪೋರ್ಟಿನಲ್ಲಿ ಇಂಗ್ಲಿಷಿನ ನಾಯಿಕ್. ನಮ್ಮ ಕಡೆ ಇದು ಮನೆಮನೆಯ ಕತೆ. ನಿಮ್ಮ ಕಡೆ ಹೆಗಡೆ, ಹೆಗ್ಡೆ ಇರಬಹುದು, ಒಮ್ಮೆ ನೋಡಿ. ನಾವಂತೂ ‘ಅಡ್ಡಿಲ್ಲ’ ಅಂತ ಹಾಗೇ ಅಪ್‌ಲೋಡ್ ಮಾಡಿದೆವು. ಕೆಲವು ವಾರ ಕಾದ ಮೇಲೆ ಜನನ ಪತ್ರ ತಿರಸ್ಕಾರ. ತಿದ್ದಿ ಹಾಕಿದರೆ ಮತ್ತೆ ಸರತಿಯ ಕೊನೆಗೆ. ಹೆಸರು ಸೇರಿಸಲು ನೋಂದಣಿ ಕಚೇರಿಗೆ ನಾಲ್ಕು ಸಲ ಅಲೆದಾಟ. ಅಪ್ಪನ ಮೂರೂ ಹೆಸರು ಒಬ್ಬರದೇ ಅಂತ ನೋಟರಿ ಮುಂದೆ ಅಫಿಡವಿಟ್. ಕನ್ನಡದ ಪ್ರತಿ ಕಾಗದಕ್ಕೂ ಇಂಗ್ಲಿಷ್ ಅನುವಾದ, ಜೊತೆಗೆ ‘ನನಗೆ ಎರಡೂ ಭಾಷೆ ಬರುತ್ತದೆ, ಅನುವಾದ ಸರಿಯಿದೆ’ ಅಂತ ಅನುವಾದಕರ ಸಹಿ. ಅರ್ಜಿ ಪಾಸಾಗಲು ಕಾದ ಆ ಖಾಲಿ ತಿಂಗಳುಗಳಲ್ಲಿ ಇಷ್ಟನ್ನೂ ಆರಾಮಾಗಿ ಮುಗಿಸಬಹುದಿತ್ತು ಅಲ್ವಾ? ನಾನು ಸ್ಟೇಟಸ್ ನೋಡುತ್ತ ಕೂತಿದ್ದೆ.

ಪೊಲೀಸ್ ಕ್ಲಿಯರೆನ್ಸ್ ಠಾಣೆಯಿಂದ ತರುವುದಲ್ಲ, ಪಾಸ್‌ಪೋರ್ಟ್ ಕಚೇರಿಯಿಂದ. 500 ರೂಪಾಯಿ ಫೀ, ಠಾಣೆಯವರು ಬರುವುದು ಪರಿಶೀಲನೆಗೆ. ಹುಬ್ಬಳ್ಳಿ ಸೇವಾ ಕೇಂದ್ರದಲ್ಲಿ ನನ್ನ ದಿನ ಇದ್ದದ್ದು 2024ರ ಜುಲೈ 18. ಜುಲೈ 16ಕ್ಕೆ ಅಂಕೋಲೆ ಹತ್ತಿರದ ಶಿರೂರಿನಲ್ಲಿ ಗುಡ್ಡ ನಮ್ಮ ದಾರಿಯ ಹೆದ್ದಾರಿ ಮೇಲೆ ಕುಸಿಯಿತು. ಜನ ಸತ್ತಿದ್ದರು, ನನ್ನ ಅಪಾಯಿಂಟ್‌ಮೆಂಟ್ ಆಗ ಯಾವ ಲೆಕ್ಕ. ಮುಂದಿನ ತಿಂಗಳಿಗೆ ಹಾಕಿಸಿಕೊಂಡೆ. ನೀವು ಘಟ್ಟದ ಮೇಲಿನವರಾದರೂ ಮಳೆಗಾಲಕ್ಕೆ ಇಂಥ ಓಡಾಟ ಇಟ್ಟುಕೊಳ್ಳಬೇಡಿ.

ಮುಂಬೈ ಸಂದರ್ಶನದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಹತ್ತು ನಿಮಿಷದ ಮಾತು. ಆದರೆ ಒಂದು ಹೆದರಿಕೆ ತಪ್ಪಿಸುತ್ತೇನೆ. ಗಂಡನ ಹೊಸ ತೆರಿಗೆ ದಾಖಲೆ ಬೇಕು ಅಂತ ನನಗೆ 221(ಜಿ) ಚೀಟಿ ಕೊಟ್ಟರು. ಮತ್ಸ್ಯಗಂಧಾ ರೈಲಿನಲ್ಲಿ ವಾಪಸ್ ಬರುತ್ತಿದ್ದೆ. ಸುರಂಗಗಳ ನಡುವೆ ಎಲ್ಲೋ ಸಿಗ್ನಲ್ ಸಿಕ್ಕಿತು, ವೀಸಾ ಸೈಟಿನಲ್ಲಿ ‘ರಿಫ್ಯೂಸ್ಡ್’, ಅಂದರೆ ತಿರಸ್ಕಾರ ಅಂತ! ಕಾರವಾರ ಬರುವವರೆಗೂ ಅತ್ತೆ. 221(ಜಿ) ಇದ್ದರೆ ಅಲ್ಲಿ ಹಾಗೇ ತೋರಿಸುತ್ತದಂತೆ, ಕೇಳಿದ್ದು ಕೊಡಲು ಒಂದು ವರ್ಷ ಸಮಯ ಇರುತ್ತದೆ. ದಾಖಲೆ ಕೊಟ್ಟ ಮೂರನೇ ವಾರಕ್ಕೆ ಅದೇ ಜಾಗದಲ್ಲಿ ‘ಇಶ್ಯೂಡ್’ ಬಂತು. ಟಿಕೆಟ್ ಮಾತ್ರ ಅಲ್ಲಿಯವರೆಗೂ ತೆಗೆದಿರಲಿಲ್ಲ. ನೀವೂ ವೀಸಾ ಕೈಗೆ ಬರುವ ತನಕ ತೆಗೆಯಬೇಡಿ, ಕೆಲಸಕ್ಕೂ ರಾಜೀನಾಮೆ ಕೊಡಬೇಡಿ.

ಮತ್ತೊಂದು. ಪ್ರಶ್ನೆಯ ಕೊನೆಗೆ ನಿಮ್ಮ ರಸೀದಿ ನಂಬರು ಪೂರ್ತಿ ಹಾಕಿದ್ದೀರಿ, ಐಒಇ ಅಂತ ಶುರುವಾಗುವುದು. ಅದಿದ್ದರೆ ಯಾರು ಬೇಕಾದರೂ ನಿಮ್ಮ ಸ್ಟೇಟಸ್ ನೋಡಬಹುದು. ಆ ಏಜೆಂಟನಂಥವರಿಗೆ ‘ನಿಮ್ಮ ಫೈಲು ನನಗೆ ಗೊತ್ತು’ ಅನ್ನಲು ಅಷ್ಟೇ ಸಾಕು. ಇದನ್ನು ಓದಿದ ಕೂಡಲೇ ಅಳಿಸಿಬಿಡಿ.